ಅಣ್ಣನ ಹೆಸರಿನಲ್ಲಿ

ಮಹಾಂತೇಶ ವಾರವೆಲ್ಲ ವಿಜಯನಗರದ ಕನ್ನಡಕದ ಅಂಗಡಿಯೊಂದರಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದ. ಭಾನುವಾರ ಮಾತ್ರ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಕುಂಬಾರಕೊಪ್ಪಲಿನ ತನ್ನ ಮನೆಯ ನಡುಮನೆಯಲ್ಲಿ ಹಾರ್ಮೋನಿಯಂ ಎಳೆದುಕೊಂಡು ಕೂತುಬಿಡುತ್ತಿದ್ದ. ಎದುರಿಗೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪು. ಹತ್ತು ಗಂಟೆಯಾದರೆ ಅದರಲ್ಲಿ ಒಂದೊಂದೇ ಚೌಕ ತೆರೆದುಕೊಂಡು ಮಕ್ಕಳ ಮುಖ ಕಾಣಿಸುತ್ತಿದ್ದವು. ಒಬ್ಬಳು ಜಡೆ ಹಾಕಿಸಿಕೊಳ್ಳುತ್ತ, ಒಬ್ಬ ಬಾಯಲ್ಲಿ ಇಡ್ಲಿ ಇಟ್ಟುಕೊಂಡು, ಇನ್ನೊಬ್ಬ ತಂಗಿಯನ್ನು ಪಕ್ಕಕ್ಕೆ ನೂಕುತ್ತ. ಎಲ್ಲರೂ "ಶರಣು ಅಣ್ಣಾ" ಎಂದು ಕೂಗಿದರೆ ಅಡುಗೆಮನೆಯಲ್ಲಿದ್ದ ಅವನ ತಾಯಿ ಸಿದ್ದಲಿಂಗಮ್ಮನೂ ಅಲ್ಲಿಂದಲೇ "ಶರಣು ಕಣ್ರಪ್ಪಾ" ಎಂದು ಉತ್ತರ ಕೊಡುತ್ತಿದ್ದರು.

ಆ ತರಗತಿಗೆ 'ಎಳೆಬೆಳಕು' ಎಂದು ಹೆಸರು. ಕೋವಿಡ್ ಕಾಲದಲ್ಲಿ ಮನೆಯೊಳಗೆ ಕೂತ ಮಕ್ಕಳು ಬರೀ ಗೇಮ್ ಆಡಿ ಕೆಡಬಾರದು, ನಾಲ್ಕು ವಚನವನ್ನಾದರೂ ಬಾಯಿಗೆ ಹಾಕಿಕೊಳ್ಳಲಿ ಎಂದು ರುದ್ರಸ್ವಾಮಿ ಎಂಬ ನಿವೃತ್ತ ಎಂಜಿನಿಯರು ಒಂದಷ್ಟು ಜನರನ್ನು ಸೇರಿಸಿ ಶುರು ಮಾಡಿದ್ದು. ಕಾಯಿಲೆ ಹೋಯಿತು, ತರಗತಿ ಉಳಿಯಿತು. ಮೈಸೂರಿನ ಮಕ್ಕಳಲ್ಲದೆ ನಂಜನಗೂಡು, ಹುಣಸೂರು, ತಿ. ನರಸೀಪುರದ ಕಡೆಯವರೂ ಸೇರಿಕೊಂಡರು. ಮಹಾಂತೇಶನ ಕಂಠ ಒಳ್ಳೆಯದು, ಅದಕ್ಕಿಂತ ಹೆಚ್ಚಾಗಿ ಅವನ ತಾಳ್ಮೆ ಒಳ್ಳೆಯದು. ತಪ್ಪು ಹಾಡಿದ ಮಗುವನ್ನು ಅವನು ತಿದ್ದುತ್ತಿದ್ದ ರೀತಿಗೆ ಮಗು ನಾಚಿಕೊಳ್ಳುತ್ತಿರಲಿಲ್ಲ, ಮತ್ತೆ ಹಾಡುತ್ತಿತ್ತು.

ತರಗತಿ ಮುಗಿದ ಮೇಲೂ ಅವನ ಕೆಲಸ ಮುಗಿಯುತ್ತಿರಲಿಲ್ಲ. ಜ್ವರ ಬಂದವನಿಗೆ, ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದವಳಿಗೆ, ಅಪ್ಪನ ಹತ್ತಿರ ಬೈಸಿಕೊಂಡವನಿಗೆ ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಮೆಸೇಜ್ ಮಾಡಿ ವಿಚಾರಿಸುತ್ತಿದ್ದ. ಯಾರಾದರೂ ಚೆನ್ನಾಗಿ ಹಾಡಿದರೆ ಅವರ ಫೋಟೋ, ಪೂರ್ತಿ ಹೆಸರು, ತರಗತಿ, ಶಾಲೆ ಎಲ್ಲ ಹಾಕಿ ಅಭಿನಂದನೆಯ ಪೋಸ್ಟರ್ ಮಾಡಿ ಫೇಸ್‌ಬುಕ್ಕಿಗೆ ಏರಿಸುತ್ತಿದ್ದ. ಪೋಸ್ಟರಿನ ಕೆಳಗೆ ಮಕ್ಕಳ ವಾಟ್ಸಾಪ್ ಗುಂಪಿನ ಲಿಂಕು. ನೋಡಿದವರು ತಮ್ಮ ಮಕ್ಕಳನ್ನೂ ಸೇರಿಸಲಿ ಎನ್ನುವುದು ಅವನ ಆಸೆ.

ಆ ವರ್ಷ ಶಿವರಾತ್ರಿಗೆ ಇನ್ನೂ ಒಂದೂವರೆ ತಿಂಗಳಿರುವಾಗ ಶಿಲ್ಪಶ್ರೀ ಒಂದು ಮಾತು ತೆಗೆದರು. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ಎಳೆಬೆಳಕಿನ ಮೇಲ್ವಿಚಾರಣೆ ಅವರದ್ದೇ. ಮಹಾಂತೇಶನಿಗಿಂತ ಹತ್ತು ವರ್ಷ ದೊಡ್ಡವರಾದ್ದರಿಂದ ಅವನು ಶಿಲ್ಪಕ್ಕ ಎನ್ನುತ್ತಿದ್ದ. ಅವರ ಶಾಲೆಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಶಿಕ್ಷಕರಿಗೆ ತರಬೇತಿ ನಡೆದಿತ್ತು. ಅಲ್ಲಿ ಕೇಳಿದ್ದು ಅವರ ತಲೆಯಲ್ಲಿ ಕೊರೆಯತೊಡಗಿ, ರುದ್ರಸ್ವಾಮಿಯವರ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಹೇಳಿಬಿಟ್ಟರು. ಇನ್ನು ಮೇಲೆ ಪ್ರತಿ ತರಗತಿಯಲ್ಲೂ ದೊಡ್ಡವರು ಇಬ್ಬರು ಇರಬೇಕು. ಯಾವ ಮಗುವಿಗೂ ಯಾರೂ ಪ್ರತ್ಯೇಕವಾಗಿ ಮೆಸೇಜ್ ಮಾಡಕೂಡದು, ಹೇಳಬೇಕಾದ್ದನ್ನು ಅಪ್ಪ ಅಮ್ಮಂದಿರೂ ಇರುವ ಗುಂಪಿನಲ್ಲೇ ಹೇಳಬೇಕು. ಮಕ್ಕಳ ಫೋಟೋ, ಶಾಲೆಯ ಹೆಸರು ಹೊರಗೆ ಹಾಕಬಾರದು. ಗುಂಪಿನ ಲಿಂಕು ಪೋಸ್ಟರಿನಲ್ಲಿ ಇರಬಾರದು.

ಮಹಾಂತೇಶನ ಮುಖ ಸಣ್ಣದಾಯಿತು. ಪ್ರತ್ಯೇಕ ಮೆಸೇಜ್ ಮಾಡುವವನು ಅಲ್ಲಿ ಅವನೊಬ್ಬನೇ. ಯಾರೂ ಅವನ ಹೆಸರು ಎತ್ತದಿದ್ದರೂ ಮಾತೆಲ್ಲ ತನಗೇ ಅಂದಂತಾಯಿತು ಅವನಿಗೆ. ರುದ್ರಸ್ವಾಮಿಯವರಿಗಂತೂ ಸಿಟ್ಟೇ ಬಂತು. ಇದು ಶರಣರ ಕೆಲಸ, ಇಲ್ಲಿ ಒಬ್ಬರು ಇನ್ನೊಬ್ಬರನ್ನು ಕಾವಲು ಕಾಯುವುದೆಂದರೇನು, ನಮ್ಮ ಹುಡುಗನ ಮೇಲೆ ಅನುಮಾನ ಪಡುವ ಕಾಲ ಬಂತೇ ಎಂದರು. ಶಿಲ್ಪಶ್ರೀ ಇದು ಯಾರ ಮೇಲಿನ ಅನುಮಾನವೂ ಅಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಕೊನೆಗೆ ರುದ್ರಸ್ವಾಮಿಯವರು, "ಶಿವರಾತ್ರಿ ಕಳೀಲಿ ಬುಡಮ್ಮ, ಆಮೇಲೆ ಕೂತು ನೋಡೋಣ" ಎಂದು ಮಾತು ಮುಗಿಸಿದರು. ಮಹಾಂತೇಶ ಸುಮ್ಮನಿದ್ದ. ಸುಮ್ಮನಿದ್ದರೆ ಮಾತು ಮುಂದಕ್ಕೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೋಗಲಿ ಎಂದೇ ಸುಮ್ಮನಿದ್ದ.

ಮುಂದಿನ ವಾರಗಳಲ್ಲಿ ಶಿವರಾತ್ರಿಯ ಹಾಡಿನ ತಯಾರಿ ಜೋರಾಯಿತು. ಆಗಲೇ ಮಹಾಂತೇಶ ಗಾರ್ಗಿಯನ್ನು ಗಮನಿಸಿದ್ದು. ಗಾರ್ಗಿ ವಿದ್ಯಾರಣ್ಯಪುರದ ಹುಡುಗಿ, ಏಳನೇ ಕ್ಲಾಸು. ತಾಯಿ ಧರಣಿ ಆಸ್ಪತ್ರೆಯಲ್ಲಿ ನರ್ಸು, ತಂದೆ ದೂರದ ಊರುಗಳಿಗೆ ಬಸ್ಸು ಓಡಿಸುವವರು. ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದವಳು ತಡವಾಗಿ ಬರತೊಡಗಿದಳು. ಆಮೇಲೆ ಕ್ಯಾಮೆರಾ ಹಾಕುವುದನ್ನೇ ಬಿಟ್ಟಳು. ಹಾಡು ಅಂದರೆ ಗಂಟಲು ನೋವು ಎನ್ನುತ್ತಿದ್ದಳು. ಅವಳ ಹೆಸರು ಮಾತ್ರ ಕಪ್ಪು ಚೌಕದಲ್ಲಿ ಕೂತಿರುತ್ತಿತ್ತು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆಯಿದ್ದಾಗ ಮಹಾಂತೇಶ ಎಂದಿನಂತೆ ಅವಳಿಗೆ ಬರೆದ. ಯಾಕೆ ಪುಟ್ಟಿ, ಮುಖಾನೇ ತೋರಿಸ್ತಿಲ್ಲ, ಹುಷಾರಿದ್ದೀಯ ತಾನೆ ಎಂದು. ಶಿಲ್ಪಕ್ಕನ ನಿಯಮ ಇನ್ನೂ ಜಾರಿಯಾಗಿಲ್ಲವಲ್ಲ ಎಂದು ಮನಸ್ಸಿನಲ್ಲೇ ಸಮಾಧಾನ ಹೇಳಿಕೊಂಡ. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

"ಸಾರಿ ಅಣ್ಣ. ಇನ್ಮೇಲೆ ಫೋಟೋ ಕೇಳ್ಬೇಡಿ. ನಾನು ಅಮ್ಮಂಗೆ ಹೇಳಲ್ಲ, ಪ್ರಾಮಿಸ್. ನನ್ನ ಬಿಟ್ಬಿಡಿ ಅಣ್ಣ."

ಮಹಾಂತೇಶ ಅದನ್ನು ಮತ್ತೆ ಓದಿದ. ಕೈಯಲ್ಲಿದ್ದ ಫ್ರೇಮನ್ನು ಮೆಲ್ಲಗೆ ಟ್ರೇಯಲ್ಲಿಟ್ಟ. ಮೊದಲು ಅವನಿಗೆ ಏನೂ ಅರ್ಥವಾಗಲಿಲ್ಲ. ಯಾವ ಫೋಟೋ ಎಂದು ಬರೆಯಲು ಹೋದ, ಬರೆಯಲಾಗಲಿಲ್ಲ. ಮಗು ಯಾರಿಗೋ ಹೆದರಿದೆ, ಆ ಯಾರೋ ತಾನೇ ಎಂದು ತಿಳಿದಿದೆ. ಈಗ ತಾನು ಏನು ಕೇಳಿದರೂ ಇನ್ನಷ್ಟು ಹೆದರೀತು. ಒಂದು ಕ್ಷಣ ಇನ್ನೊಂದು ಯೋಚನೆಯೂ ಬಂತು. ತಾನು ಬರೆದದ್ದನ್ನು, ಅವಳು ಬರೆದದ್ದನ್ನು ಎರಡನ್ನೂ ಅಳಿಸಿ ಏನೂ ನೋಡದವನ ಹಾಗೆ ಇದ್ದುಬಿಟ್ಟರೆ? ಆ ಯೋಚನೆ ಬಂದದ್ದಕ್ಕೇ ಅವನಿಗೆ ನಾಚಿಕೆಯಾಯಿತು. ಮಾಲೀಕರಿಗೆ ಹೇಳಿ ಅಂಗಡಿಯಿಂದ ಹೊರಟವನು ಸೀದಾ ಶಿಲ್ಪಶ್ರೀಯವರ ಶಾಲೆಯ ಗೇಟಿನ ಮುಂದೆ ಹೋಗಿ ನಿಂತ.

ಶಿಲ್ಪಶ್ರೀ ಊಟದ ಬಿಡುವಿನಲ್ಲಿ ಹೊರಗೆ ಬಂದರು. ಫೋನು ನೋಡಿದರು. ಅವರ ಮುಖದಲ್ಲಿ ಏನೂ ಕಾಣಿಸಲಿಲ್ಲ. ನೀನು ಕೇಳಿದೆಯಾ ಎಂದೂ ಅವರು ಕೇಳಲಿಲ್ಲ, ನೀನು ಅಂಥವನಲ್ಲ ಅಂತ ಗೊತ್ತು ಎಂದೂ ಅನ್ನಲಿಲ್ಲ. ಏನನ್ನೂ ಅಳಿಸಬೇಡ, ಆ ಮಗುವಿಗೆ ಉತ್ತರ ಬರೆಯಬೇಡ, ಸಂಜೆ ಅವರ ಮನೆಗೆ ಹೋಗೋಣ ಎಂದಷ್ಟೇ ಹೇಳಿದರು. ಆಮೇಲೆ ಎರಡು ಹೆಜ್ಜೆ ಹೋಗಿ ತಿರುಗಿ ನಿಂತು, "ನೀನು ಬಾ. ಆದ್ರೆ ಒಳಗೆ ಬರ್ಬೇಡ. ಆ ಮಗು ಈಗ ನಿನ್ನ ಮುಖ ನೋಡೋದು ಬೇಡ" ಎಂದರು.

ಸಂಜೆ ವಿದ್ಯಾರಣ್ಯಪುರದ ಆ ಬೀದಿಯಲ್ಲಿ ಹುಡುಗರು ಶಟಲ್ ಆಡುತ್ತಿದ್ದರು. ಮಹಾಂತೇಶ ಧರಣಿಯವರ ಮನೆಯೆದುರು ಹೊಂಗೆ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿಕೊಂಡು ಕಾದ. ಒಳಗೆ ದೀಪ ಹತ್ತಿತು. ಕುಕ್ಕರ್ ಕೂಗಿತು, ಯಾರೋ ಅದನ್ನು ಆರಿಸಿದರು. ಒಳಗಿನಿಂದ ಜೋರು ದನಿಯೇನೂ ಕೇಳಿಸಲಿಲ್ಲ. ಆಟ ಮುಗಿಸಿ ಹುಡುಗರು ಮನೆಗೆ ಹೋದರು. ಬಹಳ ಹೊತ್ತಿನ ಮೇಲೆ ಧರಣಿ ಗೇಟು ತೆಗೆದು ಹೊರಗೆ ಬಂದರು. ಡ್ಯೂಟಿಯಿಂದ ಬಂದ ಸೀರೆಯಲ್ಲೇ ಇದ್ದರು. ಹಿಂದೆ ಶಿಲ್ಪಶ್ರೀ. ಧರಣಿಯವರ ಕೈಯಲ್ಲಿ ಮಗಳ ಹಳೆಯ ಫೋನಿತ್ತು.

ಅವರು ಪರದೆಯನ್ನು ಅವನ ಕಡೆ ತಿರುಗಿಸಿದರು. ಹಾರ್ಮೋನಿಯಂ ಮುಂದೆ ವಿಭೂತಿ ಧರಿಸಿ ಕೂತ ಮಹಾಂತೇಶನ ಫೋಟೋ, ಕೆಳಗೆ 'ಮಹಾಂತೇಶಣ್ಣ ಎಳೆಬೆಳಕು' ಎಂಬ ಹೆಸರು. ನಂಬರು ಬೇರೆ.

"ಇದು ನೀವು ಬರೆದದ್ದಾ?"

"ಅಲ್ಲ ಅಕ್ಕ. ಆ ನಂಬರ್ ನಂದಲ್ಲ."

ಅವರು ಆ ಮೆಸೇಜುಗಳನ್ನು ಅವನಿಗೆ ಓದಲು ಕೊಟ್ಟರು. ಇದು ನನ್ನ ಹೊಸ ನಂಬರ್ ಪುಟ್ಟಿ ಎಂದು ಶುರುವಾಗಿತ್ತು. ಶಿವರಾತ್ರಿಯ ರೂಪಕಕ್ಕೆ ನಿನ್ನನ್ನು ಮುಖ್ಯ ಪಾತ್ರಕ್ಕೆ ಆರಿಸಿದ್ದೀವಿ, ಉಡುಪು ಹೊಲಿಸಬೇಕು, ಅಳತೆ ಗೊತ್ತಾಗಲು ಒಂದು ಫೋಟೋ ಕಳಿಸು ಎಂದಿತ್ತು. ಗಾರ್ಗಿ ಯೂನಿಫಾರಂನಲ್ಲಿ ನಿಂತು ಕಳಿಸಿದ್ದಳು. ಬಹಳ ಚೆನ್ನಾಗಿದ್ದೀಯ ಎಂದಿತ್ತು. ಆಮೇಲೆ ಅಳತೆ ಸರಿಯಾಗಿ ಕಾಣಿಸುತ್ತಿಲ್ಲ ಎಂದು ಬೇರೆ ರೀತಿಯ ಫೋಟೋ ಕೇಳಿತ್ತು. ಹುಡುಗಿ ಕಳಿಸಿರಲಿಲ್ಲ. ಬೇಡ ಅಣ್ಣ ಎಂದಿದ್ದಳು. ಅಲ್ಲಿಂದ ಮುಂದೆ ಮಾತಿನ ಧಾಟಿಯೇ ಬದಲಾಗಿತ್ತು. ಮೊದಲು ಕಳಿಸಿದ್ದನ್ನು ಅಮ್ಮನಿಗೆ ತೋರಿಸುತ್ತೇನೆ, ನೀನೇ ಕಳಿಸಿದೆ ಎಂದು ಎಲ್ಲರಿಗೂ ಹೇಳುತ್ತೇನೆ ಎಂದು ಹೆದರಿಸಿತ್ತು. ನಡುವೆ ಎಲ್ಲೋ ಒಂದು ಕಡೆ, ಅಮ್ಮಂಗೆ ಹೇಳ್ಬೇಡ ಪುಟ್ಟಿ, ನಮ್ಮಿಬ್ಬರಲ್ಲೇ ಇರ್ಲಿ ಎಂದಿತ್ತು.

ಓದಿ ಮುಗಿಸಿದ ಮಹಾಂತೇಶ ತಲೆ ಎತ್ತುವಷ್ಟರಲ್ಲಿ ಧರಣಿ ಅದೇ ಫೋನಿನಲ್ಲಿ ಇನ್ನೊಂದು ಸಂಭಾಷಣೆ ತೆರೆದರು. ಇದು ಅವನದೇ ನಂಬರು. ಹೋದ ವರ್ಷ ಧರಣಿಯವರ ಹುಟ್ಟಿದ ದಿನಕ್ಕೆ ಗಾರ್ಗಿಗೆ ಅವನು ಒಂದು ಹಾಡು ಕಲಿಸಿದ್ದ. ಅಮ್ಮನಿಗೆ ಆಶ್ಚರ್ಯವಾಗಲಿ ಎಂದು ಬರೆದಿದ್ದ ಸಾಲು ಅಲ್ಲಿತ್ತು. ಅಮ್ಮಂಗೆ ಹೇಳ್ಬೇಡ ಪುಟ್ಟಿ, ನಮ್ಮಿಬ್ಬರಲ್ಲೇ ಇರ್ಲಿ.

"ಇದು?"

"ಇದು ನಾನೇ ಅಕ್ಕ."

ಧರಣಿ ದನಿ ಏರಿಸಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಮನೆಯವರಿಗೆ ವಿಷಯ ತಿಳಿಸುವಾಗ ಹೇಗೆ ಮಾತಾಡುತ್ತಿದ್ದರೋ ಹಾಗೇ ಮಾತಾಡಿದರು. "ಎರಡರಲ್ಲೂ ಒಂದೇ ಮಾತಿದೆ. ಅಕ್ಷರಾನೂ ಬದಲಾಗಿಲ್ಲ. ಯಾವುದು ಒಳ್ಳೇ ಅಣ್ಣಂದು, ಯಾವುದು ಕೆಟ್ಟೋನದು ಅಂತ ನನ್ನ ಮಗಳು ಹೆಂಗೆ ತಿಳ್ಕೋಬೇಕಿತ್ತು, ಹೇಳಿ."

ಧರಣಿ ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಶಿಲ್ಪಶ್ರೀ ಅಲ್ಲೇ ನಿಂತು ಮಕ್ಕಳ ಸಹಾಯವಾಣಿಗೆ ಫೋನು ಮಾಡಿದರು. ಮರುದಿನ ಧರಣಿ ಮತ್ತು ಅವರ ಗಂಡ ಹೋಗಿ ಪೊಲೀಸರಿಗೆ ದೂರು ಕೊಟ್ಟರು. ಮಹಿಳಾ ಸಬ್ ಇನ್‌ಸ್ಪೆಕ್ಟರೊಬ್ಬರು ಯೂನಿಫಾರಂ ಇಲ್ಲದೆ, ಸಾದಾ ಚೂಡಿದಾರದಲ್ಲಿ ಮನೆಗೇ ಬಂದು, ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾರ್ಗಿಯ ಮಾತು ಬರೆದುಕೊಂಡರು. ಮಗು ಒಂದೇ ಸಲಕ್ಕೆ ಎಲ್ಲ ಹೇಳಲಿಲ್ಲವಂತೆ. ಆ ಹೆಣ್ಣುಮಗಳು ಆತುರಪಡದೆ, ಕಾಫಿ ಕುಡಿದುಕೊಂಡು, ಗಾರ್ಗಿಯ ಬೆಕ್ಕಿನ ಬಗ್ಗೆ ವಿಚಾರಿಸಿಕೊಂಡು ಕೂತಿದ್ದರಂತೆ. ಇದನ್ನೆಲ್ಲ ಮಹಾಂತೇಶನಿಗೆ ಆಮೇಲೆ ಶಿಲ್ಪಶ್ರೀ ಹೇಳಿದ್ದು. ಅವನನ್ನು ಠಾಣೆಗೆ ಕರೆಸಿದರು. ಫೋನು, ಲ್ಯಾಪ್‌ಟಾಪು ಎರಡನ್ನೂ ಇಟ್ಟುಕೊಂಡರು. ಕೇಳಿದ್ದನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳಿದರು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ, ಆದರೆ ಯಾರೂ ಅವನನ್ನು ನಂಬಿದ್ದೇವೆ ಎಂದೂ ಅನ್ನಲಿಲ್ಲ.

ಆ ವಾರ ರುದ್ರಸ್ವಾಮಿಯವರ ಮನೆಯಲ್ಲಿ ಮತ್ತೆ ಎಲ್ಲರೂ ಸೇರಿದಾಗ ಶಿಲ್ಪಶ್ರೀ ಮೊದಲನೆಯದಾಗಿ ಹೇಳಿದ್ದು, ವಿಚಾರಣೆ ಮುಗಿಯುವವರೆಗೆ ಮಹಾಂತೇಶ ತರಗತಿ ತೆಗೆದುಕೊಳ್ಳುವುದಿಲ್ಲ ಎಂದು. ಅವನು ಮೊದಲ ಸಲ ಬಾಯಿ ಬಿಟ್ಟು ಕೇಳಿದ.

"ನಿಮಗೂ ನನ್ನ ಮೇಲೆ ಅನುಮಾನವಾ ಅಕ್ಕ?"

"ಇಲ್ಲ ಕಣೋ. ಚೂರೂ ಇಲ್ಲ" ಎಂದರು ಶಿಲ್ಪಶ್ರೀ. "ಆದ್ರೆ ನನಗೆ ಅನುಮಾನ ಇಲ್ಲ ಅನ್ನೋದನ್ನ ಇಟ್ಕೊಂಡು ಆ ಮಕ್ಕಳು ಏನು ಮಾಡ್ತಾರೆ?"

ರುದ್ರಸ್ವಾಮಿಯವರು ನೆಲ ನೋಡುತ್ತ ಕೂತಿದ್ದರು. ಶಿವರಾತ್ರಿ ಕಳೆಯಲಿ ಎಂದಿದ್ದ ತಮ್ಮ ಮಾತು ಅವರಿಗೆ ನೆನಪಾಗಿರಬೇಕು. ಅವತ್ತು ಶಿಲ್ಪಶ್ರೀ ಹೇಳಿದ ಯಾವುದಕ್ಕೂ ಅವರು ಎದುರಾಡಲಿಲ್ಲ. ಮಕ್ಕಳ ಹಳೆಯ ಗುಂಪನ್ನು ಮುಚ್ಚಬೇಕು, ಫೇಸ್‌ಬುಕ್ಕಿನಲ್ಲಿರುವ ಪೋಸ್ಟರುಗಳನ್ನೆಲ್ಲ ತೆಗೆಯಬೇಕು, ಪ್ರತಿ ಮನೆಗೂ ಫೋನು ಮಾಡಿ ವಿಷಯ ತಿಳಿಸಬೇಕು ಎಂದಾಗ, ಫೋನು ಮಾಡುವ ಕೆಲಸ ತನಗಿರಲಿ ಎಂದು ಕೈ ಎತ್ತಿದರು. ಹಾಗೆ ಫೋನು ಮಾಡಿದಾಗಲೇ ಗೊತ್ತಾಯಿತು, ಅದೇ ಹೆಸರು, ಅದೇ ಫೋಟೋ ಇಟ್ಟುಕೊಂಡವನು ಹುಣಸೂರಿನ ಅಭಿನವ ಎಂಬ ಹುಡುಗನಿಗೂ, ನಂಜನಗೂಡಿನ ಒಬ್ಬಳಿಗೂ ಮೆಸೇಜ್ ಮಾಡಿದ್ದ ಎಂದು. ಅವರಿಬ್ಬರೂ ಮನೆಯಲ್ಲಿ ಹೇಳಿರಲಿಲ್ಲ. ಮಹಾಂತೇಶಣ್ಣ ಯಾವಾಗಲೂ ಮೆಸೇಜ್ ಮಾಡ್ತಾರಲ್ಲ, ಅದರಲ್ಲೇನಿದೆ ಎಂದುಕೊಂಡಿದ್ದರಂತೆ.

ಹೀಗೆ ಮನೆಮನೆಗೆ ಫೋನು ಹೋದ ಮೇಲೆ ಸುದ್ದಿ ಸುಮ್ಮನಿರುತ್ತದೆಯೇ? ಅದು ತನ್ನದೇ ದಾರಿ ಹಿಡಿಯಿತು. ಯಾರೋ ಇವನ ಹೆಸರು ಬಳಸಿಕೊಂಡರಂತೆ ಎನ್ನುವುದು ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ಇವನೇ ಏನೋ ಮಾಡಿದನಂತೆ ಎಂದಾಗಿತ್ತು. ಅಂಗಡಿಗೆ ಬರುತ್ತಿದ್ದ ಪರಿಚಯದ ಒಬ್ಬಾಕೆ ಮಗಳ ಕನ್ನಡಕದ ಅಳತೆ ನೋಡಲು ಬೇರೆಯವರನ್ನು ಕರೆಯಿರಿ ಎಂದರು. ಹೂವು ಕೊಳ್ಳಲು ಹೋದ ಸಿದ್ದಲಿಂಗಮ್ಮನನ್ನು ಕಂಡು ಇಬ್ಬರು ಹೆಂಗಸರು ಮಾತು ನಿಲ್ಲಿಸಿದರು. ಮಹಾಂತೇಶ ಮನೆಯಲ್ಲಿ ಊಟ ಕಡಿಮೆ ಮಾಡಿದ. ಹಾರ್ಮೋನಿಯಂ ಮುಚ್ಚಿದ್ದು ಮುಚ್ಚಿದಂತೇ ಇತ್ತು.

ಒಂದು ದಿನ ಬೆಳಗ್ಗೆ ಅವನು ತಾಯಿಯ ಎದುರು ಕೂತು ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕಿದ. ಇಷ್ಟು ವರ್ಷ ಆ ಮಕ್ಕಳಿಗಾಗಿ ದುಡಿದೆ, ಒಂದು ಮಗುವಿಗೂ ಕೆಟ್ಟದ್ದು ಬಯಸಲಿಲ್ಲ, ಕಳ್ಳ ಯಾರೋ, ತಲೆ ತಗ್ಗಿಸಿ ಓಡಾಡುತ್ತಿರುವವನು ನಾನು, ಆ ಧರಣಿಯವರು ನನ್ನ ಮುಖ ಕೂಡ ನೋಡುವುದಿಲ್ಲ ಎಂದ. ಸಿದ್ದಲಿಂಗಮ್ಮ ಹುರುಳಿಕಾಳು ಆರಿಸುತ್ತಿದ್ದರು. ಆರಿಸುತ್ತಲೇ ಪೂರ್ತಿ ಕೇಳಿಸಿಕೊಂಡರು.

"ನೀನು ತಪ್ಪು ಮಾಡಿಲ್ಲ ಅಂತ ನಂಗೊತ್ತು ಕಣೋ, ನಾನು ಎತ್ತೋಳು" ಎಂದರು ಆಮೇಲೆ. "ಆ ಮಗೀನ ತಾಯಿಗೆ ಎಂಗೊತ್ತಾಗ್ಬೇಕು? ಅವಳೇನು ನಿನ್ನ ಎತ್ತಿದ್ಲಾ? ಅವಳಿಗೆ ಅವಳ ಮಗಳು ಮುಖ್ಯ. ನಾನಾಗಿದ್ರೂ ಅಂಗೇ ಮಾಡ್ತಿದ್ದೆ." ಕಾಳಿನ ಮೊರವನ್ನು ಒಮ್ಮೆ ಕೊಡವಿ, "ನಿನ್ನ ಮರ್ವಾದೆ ನಾಳೆ ನಾಡಿದ್ದು ಬತ್ತದೆ. ಆ ಮಗಿ ನಿದ್ದೆ ಮಾಡ್ತದಾ ಅಂತ ಯಾರಾದ್ರೂ ಕೇಳಿದ್ರಾ?" ಎಂದರು.

ಮಹಾಂತೇಶ ಅಂಗಡಿಗೆ ಹೊರಟಾಗ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿತ್ತು. ಇಷ್ಟು ದಿನ ತಾನು ಲೆಕ್ಕ ಹಾಕಿದ್ದೆಲ್ಲ ತನಗಾದ ನೋವನ್ನೇ. ಒಂದು ಸಲವೂ ಗಾರ್ಗಿಯ ಕಡೆಯಿಂದ ನೋಡಿರಲಿಲ್ಲ. ತನ್ನ ಮುಖವಿಟ್ಟುಕೊಂಡವನು ಆ ಮಗುವನ್ನು ಹೆದರಿಸಿದ್ದ. ಅವಳ ಪಾಲಿಗೆ ಅಷ್ಟು ದಿನವೂ ಹೆದರಿಸುತ್ತಿದ್ದವನು ಮಹಾಂತೇಶಣ್ಣನೇ. ಭಾನುವಾರ ಬೆಳಗ್ಗೆ ಅವಳು ಕಪ್ಪು ಚೌಕದ ಹಿಂದೆ ಕೂತು ಅವನ ಹಾಡನ್ನು ಹೇಗೆ ಕೇಳಿಸಿಕೊಂಡಿದ್ದಾಳು? ಅದನ್ನು ಯೋಚಿಸಿದಾಗ ಅವನಿಗೆ ರಸ್ತೆಯ ಬದಿಯಲ್ಲಿ ಸ್ಕೂಟರ್ ನಿಲ್ಲಿಸಬೇಕಾಯಿತು.

ಶಿವರಾತ್ರಿ ಅವನಿಲ್ಲದೆಯೇ ಕಳೆಯಿತು. ಬೇಸಿಗೆ ಕಾಲಿಟ್ಟ ಮೇಲೆ ಪೊಲೀಸರಿಗೆ ಆ ಮನುಷ್ಯ ಸಿಕ್ಕಿದ. ಬೇರೆ ಜಿಲ್ಲೆಯವನು. ಮೈಸೂರಿಗೆ ಬಂದವನೂ ಅಲ್ಲ, ಎಳೆಬೆಳಕಿನ ಯಾರಿಗೂ ಗೊತ್ತಿದ್ದವನಲ್ಲ. ಪೋಸ್ಟರಿನಲ್ಲಿದ್ದ ಲಿಂಕು ಒತ್ತಿ ಮಕ್ಕಳ ಗುಂಪಿಗೆ ಸೇರಿ, ಅಲ್ಲಿಂದ ನಂಬರುಗಳನ್ನು ತೆಗೆದುಕೊಂಡಿದ್ದ. ಪೋಸ್ಟರುಗಳಿಂದ ಹೆಸರು, ಶಾಲೆ. ಗುಂಪಿನಲ್ಲಿ ಮಹಾಂತೇಶ ಹಾಕುತ್ತಿದ್ದ ಮಾತುಗಳನ್ನು ಓದಿ ಅವನ ಹಾಗೇ ಬರೆಯುವುದನ್ನು ಕಲಿತಿದ್ದ. ಇದೇ ರೀತಿ ಒಬ್ಬ ಯೋಗದ ಮೇಷ್ಟರ ಹೆಸರಿನಲ್ಲೂ, ಒಬ್ಬ ಚಿತ್ರಕಲೆಯ ಟೀಚರ ಹೆಸರಿನಲ್ಲೂ ಖಾತೆ ಮಾಡಿಕೊಂಡಿದ್ದನಂತೆ. ಗಾರ್ಗಿಯ ಫೋಟೋ ಬೇರೆಲ್ಲೂ ಹೋದಂತೆ ಕಾಣಲಿಲ್ಲ ಎಂದು ಸಬ್ ಇನ್‌ಸ್ಪೆಕ್ಟರು ಧರಣಿಗೆ ತಿಳಿಸಿದರು. ಮಹಾಂತೇಶನ ಫೋನು, ಲ್ಯಾಪ್‌ಟಾಪು ವಾಪಸು ಬಂದವು.

ನಮ್ಮಿಬ್ಬರಲ್ಲೇ ಇರಲಿ ಎಂಬ ಮಾತನ್ನು ಮಾತ್ರ ಆ ಮನುಷ್ಯ ಎಲ್ಲಿಂದ ಕಲಿತನೋ ಯಾರಿಗೂ ತಿಳಿಯಲಿಲ್ಲ. ಅದನ್ನು ಕಲಿಯಬೇಕಾಗಿಯೇ ಇಲ್ಲ, ಅಂಥವರೆಲ್ಲರ ಬಾಯಲ್ಲೂ ಇರುವ ಮಾತೇ ಅದು ಎಂದರು ಶಿಲ್ಪಶ್ರೀ.

ಮಹಾಂತೇಶ ಧರಣಿಯವರಿಗೆ ಏನಾದರೂ ಹೇಳಬೇಕು ಎಂದುಕೊಂಡ. ಮೆಸೇಜ್ ಮಾಡಲು ಮನಸ್ಸಾಗಲಿಲ್ಲ. ಶಿಲ್ಪಶ್ರೀಯ ಮೂಲಕ ಕೇಳಿ, ಒಪ್ಪಿಗೆ ಬಂದ ಮೇಲೆ, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವರ ಪಾಳಿ ಮುಗಿಯುವ ಹೊತ್ತಿಗೆ ಹೋಗಿ ಕಂಡ. ನಾನು ತಪ್ಪಿತಸ್ಥನಲ್ಲ ಎಂದು ಹೇಳಲು ಅವನು ಹೋಗಿರಲಿಲ್ಲ, ಅದು ಆಗಲೇ ಎಲ್ಲರಿಗೂ ಗೊತ್ತಿತ್ತು. ಮಕ್ಕಳಿಗೆ ಒಬ್ಬೊಬ್ಬರಾಗಿ ಬರೆಯುವ ಅಭ್ಯಾಸ ಹಾಕಿಸಿದ್ದು ನಾನು, ಲಿಂಕು ಹಾಕಿದ್ದು ನಾನು, ಶಿಲ್ಪಕ್ಕ ಬೇಡ ಎಂದಾಗ ಬಾಯಿ ಮುಚ್ಚಿಕೊಂಡು ಕೂತಿದ್ದೂ ನಾನೇ ಎಂದ. ಧರಣಿ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು. ಪರವಾಗಿಲ್ಲ ಎಂದು ಅವರು ಅನ್ನಲಿಲ್ಲ. ಗಾರ್ಗಿ ಈಗ ಶಾಲೆಗೆ ಹೋಗುತ್ತಿದ್ದಾಳೆ, ಒಬ್ಬ ಆಪ್ತ ಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇವೆ, ರಾತ್ರಿ ನನ್ನ ಪಕ್ಕದಲ್ಲೇ ಮಲಗುತ್ತಾಳೆ ಎಂದರು. ಆಮೇಲೆ ಎದ್ದು ಬಸ್ಸಿಗೆ ಹೊರಟರು.

ಮೇ ತಿಂಗಳಲ್ಲಿ ಶಿಲ್ಪಶ್ರೀ ಮಹಾಂತೇಶನನ್ನು ಮತ್ತೆ ಕರೆದರು. ತರಗತಿ ಈಗ ಬೇರೆ ರೀತಿ ನಡೆಯುತ್ತಿತ್ತು. ಒಳಗೆ ಬರುವ ಪ್ರತಿ ಹೆಸರನ್ನೂ ದೊಡ್ಡವರೊಬ್ಬರು ನೋಡಿ ಬಿಡುತ್ತಿದ್ದರು. ಪಾಠ ಮಾಡುವವರ ಜೊತೆ ಇನ್ನೊಬ್ಬರು ಕೊನೆಯವರೆಗೂ ಇರುತ್ತಿದ್ದರು. ಅವನು ಒಪ್ಪಿಕೊಂಡ. ಆದರೆ ಮೊದಲ ದಿನ ಹಾಡುವುದಕ್ಕೆ ಮುಂಚೆ ಮಕ್ಕಳಿಗೆ ಹೊಸ ನಿಯಮಗಳನ್ನು ತಾನೇ ಹೇಳುತ್ತೇನೆ ಎಂದು ಕೇಳಿಕೊಂಡ.

ಆ ಭಾನುವಾರ ಮಕ್ಕಳ ಹಿಂದೆ ಅಪ್ಪ ಅಮ್ಮಂದಿರೂ ಬಂದು ಕೂತಿದ್ದರು. ಮಹಾಂತೇಶ ನಡೆದದ್ದನ್ನು ಮಕ್ಕಳಿಗೆ ಅರ್ಥವಾಗುವಷ್ಟು ಹೇಳಿದ. ಗಾರ್ಗಿಯ ಹೆಸರು ಎತ್ತಲಿಲ್ಲ. ಎಳೆಬೆಳಕಿನ ಯಾವ ಅಣ್ಣನೂ ಯಾವ ಅಕ್ಕನೂ ಇನ್ನು ನಿಮಗೆ ಒಬ್ಬರಿಗೇ ಮೆಸೇಜ್ ಮಾಡುವುದಿಲ್ಲ, ಹಾಗೇನಾದರೂ ಬಂದರೆ ಉತ್ತರ ಕೊಡಬೇಡಿ, ಮನೆಯಲ್ಲಿ ದೊಡ್ಡವರಿಗೆ ತೋರಿಸಿ, ಮೊದಲೇ ಏನಾದರೂ ಕಳಿಸಿಬಿಟ್ಟಿದ್ದರೂ ತೋರಿಸಿ, ಯಾರೂ ನಿಮ್ಮನ್ನು ಬೈಯುವುದಿಲ್ಲ ಎಂದ. ಹುಣಸೂರಿನ ಅಭಿನವ ಕೈ ಎತ್ತಿದ.

"ಅಣ್ಣ, ಅದು ನಿಜವಾಗ್ಲೂ ನೀವೇ ಅಂತ ಗೊತ್ತಿದ್ರೆ?"

"ಗೊತ್ತಿದ್ರೂ ತೋರಿಸು."

"ನೀವು ಹೇಳ್ಬೇಡ ಅಂದ್ರೆ?"

"ನಾನು ಹೇಳ್ಬೇಡ ಅಂದ್ರೆ ಇನ್ನೂ ಬೇಗ ಹೋಗಿ ಹೇಳು ಕಣೋ" ಎಂದ ಮಹಾಂತೇಶ. "ಮಕ್ಕಳ ಜೊತೆ ಸೇರಿ ಗುಟ್ಟು ಇಟ್ಕೋಬೇಕಾದ್ದು ದೊಡ್ಡವರಿಗೆ ಏನೂ ಇರೋದಿಲ್ಲ."

ಕೆಲವು ತಾಯಂದಿರು ತಲೆಯಾಡಿಸಿದರು. ಅಭಿನವ ಕೈ ಇಳಿಸಿದ. ಹಾಡು ಶುರುವಾಯಿತು.

ಅದಾದ ಮುಂದಿನ ವಾರ ಶಿಲ್ಪಶ್ರೀ ಫೋನು ಮಾಡಿ, ನಿನ್ನ ತರಗತಿಯಲ್ಲಿ ಜೊತೆಗೆ ಕೂರುವುದಕ್ಕೆ ಒಬ್ಬರು ಸಿಕ್ಕಿದ್ದಾರೆ, ಅವರಾಗಿಯೇ ಕೇಳಿದರು ಎಂದರು. ಯಾರು ಎಂದರೆ, ಧರಣಿ ಎಂದರು. ನಿನಗೆ ಕಷ್ಟವಾಗುವುದಾದರೆ ಬೇರೆಯವರನ್ನು ನೋಡುತ್ತೇನೆ ಎಂದರು ಶಿಲ್ಪಶ್ರೀ. ಬೇಡ, ಅವರೇ ಬರಲಿ ಎಂದ ಮಹಾಂತೇಶ.

ಭಾನುವಾರ ಹತ್ತಕ್ಕೆ ಸ್ವಲ್ಪ ಮುಂಚೆ ಧರಣಿಯವರ ಚೌಕ ತೆರೆಯಿತು. ಮಕ್ಕಳು ಇನ್ನೂ ಬಂದಿರಲಿಲ್ಲ. ಶಿಲ್ಪಶ್ರೀಯೂ ಇದ್ದರು. ಧರಣಿ ಕ್ಯಾಮೆರಾ ಸರಿ ಮಾಡಿಕೊಂಡು ನೇರವಾಗಿ ಮಾತಾಡಿದರು.

"ನಿಮ್ಮ ಮೇಲೆ ನಂಬಿಕೆ ಬಂದಿದೆ ಅಂತ ಬರ್ತಿಲ್ಲ. ನನ್ನ ಕಣ್ಣಾರೆ ನೋಡ್ಬೇಕು ಅಂತ ಬರ್ತಿದ್ದೀನಿ. ಅದು ನಿಮಗೆ ಗೊತ್ತಿರ್ಲಿ."

"ಅಷ್ಟು ಸಾಕು ಅಕ್ಕ" ಎಂದ ಮಹಾಂತೇಶ. ಅದು ಬಾಯಿಮಾತಾಗಿರಲಿಲ್ಲ. ಅವರು ನೋಡುತ್ತಿದ್ದಾರೆ ಎಂದರೆ ಅವನಿಗೂ ಒಂದು ಬಗೆಯ ನೆಮ್ಮದಿ. ತನ್ನ ಒಳ್ಳೆಯತನವನ್ನು ತಾನೊಬ್ಬನೇ ಹೊತ್ತುಕೊಂಡು ತಿರುಗಬೇಕಾಗಿರಲಿಲ್ಲ.

ಹೀಗೆ ವಾರಗಳು ಹೋದವು. ಧರಣಿ ಒಂದು ಭಾನುವಾರವೂ ತಪ್ಪಿಸಲಿಲ್ಲ. ಪಾಳಿ ಇದ್ದರೆ ಬದಲಾಯಿಸಿಕೊಂಡು ಬರುತ್ತಿದ್ದರು. ಮೊದಮೊದಲು ಕೈಕಟ್ಟಿ ಕೂತಿರುತ್ತಿದ್ದವರು ಆಮೇಲೆ ಮಕ್ಕಳ ಜೊತೆ ತುಟಿ ಆಡಿಸತೊಡಗಿದರು. ಅವರಿಗೆ ಶ್ರುತಿ ಹಿಡಿಯಲು ಬರುತ್ತಿರಲಿಲ್ಲ. ಗಾರ್ಗಿಯ ಬಗ್ಗೆ ಅವರು ಏನೂ ಹೇಳುತ್ತಿರಲಿಲ್ಲ, ಮಹಾಂತೇಶನೂ ಕೇಳುತ್ತಿರಲಿಲ್ಲ. ಅವರ ಹಿಂದೆ ಕಾಣುತ್ತಿದ್ದ ಬಾಗಿಲು ಕೆಲವೊಮ್ಮೆ ಅರ್ಧ ತೆರೆದಿರುತ್ತಿತ್ತು.

ಶ್ರಾವಣದ ಒಂದು ಭಾನುವಾರ ಅವನು ಹೊಸ ವಚನವೊಂದನ್ನು ಕಲಿಸುತ್ತಿದ್ದ. ಒಂದು ಕಡೆ ಸ್ವರ ಏರಿ ತಿರುಗಬೇಕಿತ್ತು, ಮಕ್ಕಳೆಲ್ಲ ಅಲ್ಲಿ ಎಡವುತ್ತಿದ್ದರು. ಧರಣಿಯೂ ಎಡವಿದರು. ಅಷ್ಟರಲ್ಲಿ ಅವರ ಚೌಕದೊಳಗಿನಿಂದ, ಕ್ಯಾಮೆರಾಗೆ ಕಾಣದ ಯಾವುದೋ ಮೂಲೆಯಿಂದ, ಸಣ್ಣದೊಂದು ದನಿ ಬಂತು. "ಅಂಗಲ್ಲ ಅಮ್ಮ" ಎಂದು ಆ ಸಾಲನ್ನು ಒಂದು ಸಲ ಸರಿಯಾಗಿ ಹಾಡಿ ತೋರಿಸಿ ಸುಮ್ಮನಾಯಿತು.

ಧರಣಿ ಪಕ್ಕಕ್ಕೆ ನೋಡಿದರು. ಆಮೇಲೆ ಪರದೆಯ ಕಡೆ ನೋಡಿದರು. ಮಹಾಂತೇಶ ಹೆಸರು ಹಿಡಿದು ಕರೆಯಲಿಲ್ಲ, ಭೇಷ್ ಎನ್ನಲಿಲ್ಲ. ಹಾರ್ಮೋನಿಯಂನ ತಿದಿ ಒತ್ತಿ, "ಕೇಳಿಸ್ಕೊಂಡ್ರಾ ಎಲ್ಲರೂ? ಅದೇ ರೀತಿ. ಇನ್ನೊಂದು ಸಲ" ಎಂದು ಅದೇ ಸಾಲನ್ನು ಎತ್ತಿಕೊಂಡ.